ಹವ್ಯಾಸ: ಸಿಳ್ಳೆ

ಮಾರ್ಚ್ 4, ಸೋಮವಾರ

ಇನ್ನೊಂದು ‘ವಿಷಾದ’. ಬೆಳಗ್ಗೆ ಕುಕ್ಕರ್ ಕೂಗುವ ಹೊತ್ತಿಗೆ ಸರಿಯಾಗಿ ಮೊಬೈಲು ಟಿಂಗ್ ಎಂದಿತು. ‘ನಿಮ್ಮ ಆಸಕ್ತಿಗೆ ಧನ್ಯವಾದ. ಸದ್ಯಕ್ಕೆ ನಿಮ್ಮನ್ನು ಪರಿಗಣಿಸಲು ಸಾಧ್ಯವಾಗುತ್ತಿಲ್ಲ ಎಂದು ವಿಷಾದಿಸುತ್ತೇವೆ. ನಿಮ್ಮ ಭವಿಷ್ಯ ಉಜ್ವಲವಾಗಲಿ.’ ನಲವತ್ಮೂರು ದಾಟಿದವಳಿಗೆ ಉಜ್ವಲ ಭವಿಷ್ಯ ಹಾರೈಸುವ ಧೈರ್ಯ ಮೆಷಿನ್ನಿಗೆ ಮಾತ್ರ ಇರುತ್ತದೆ.

ಇವರು ಶೂ ಲೇಸ್ ಕಟ್ಟುತ್ತಾ, “ಏನಾಯ್ತು?” ಎಂದರು.

“ಏನೂ ಆಗಿಲ್ಲ.”

ನಿಜವೇ ತಾನೆ.

ಹದಿನಾರು ವರ್ಷ ರಟ್ಟಿನ ಡಬ್ಬದ ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ನೋಡಿಕೊಂಡೆ. ಯಾವ ಲಾರಿಗೆ ಯಾವ ಸರಕು, ಯಾವ ಡ್ರೈವರಿಗೆ ಎಷ್ಟು ಬೈಗುಳ — ಎಲ್ಲ ಬಾಯಿಪಾಠ. ಮಾಲೀಕರು ಹೋದರು. ಮಕ್ಕಳು ಮಾರಿದರು. ಕೊಂಡವನಿಗೆ ಡಬ್ಬ ಬೇಡ, ಜಾಗ ಬೇಕಿತ್ತು. ನಮಗೆಲ್ಲ ಒಂದೊಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಕೆಲಸವಿಲ್ಲದವರಿಗೆ ಗಡಿಯಾರ! ಬುದ್ಧಿ ಅಂದರೆ ಇದು.

ಮಾರ್ಚ್ 10, ಭಾನುವಾರ

ನಾದಿನಿ ಬಂದಿದ್ದಳು. ಎಚ್ಚಾರ್ ಮಹಾರಾಣಿ. ಕಂಪನಿಯೊಂದರಲ್ಲಿ ಜನರನ್ನು ಆರಿಸುವುದು, ಕಳಿಸುವುದು ಅವಳ ಕೆಲಸ. ಕೂತ ಕೂಡಲೇ, “ಎಲ್ಲಿ ಅತ್ತಿಗೆ, ರೆಸ್ಯೂಮೆ ತೋರ್ಸಿ” ಎಂದಳು. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ತುಟಿ ಕಚ್ಚಿದಳು. ರೋಗಿ ಉಳಿಯುವುದಿಲ್ಲ ಎನ್ನುವ ಡಾಕ್ಟರ ಹಾಗೆ.

“ಹವ್ಯಾಸದ ಕಾಲಮ್ಮೇ ಇಲ್ವಲ್ಲ!”

“ಯಾಕೆ ಬೇಕು? ನಾನು ಹೋಗ್ತಿರೋದು ಲಾರಿ ಲೋಡ್ ಮಾಡ್ಸೋಕೆ. ಹೆಣ್ಣು ನೋಡೋ ಶಾಸ್ತ್ರಕ್ಕಲ್ಲ.”

“ಹಾಗಲ್ಲ ಅತ್ತಿಗೆ. ನಾವು ಬರೀ ಕೆಲಸ ನೋಡಲ್ಲ, ಪೂರ್ತಿ ವ್ಯಕ್ತಿತ್ವ ನೋಡ್ತೀವಿ.”

ಪೂರ್ತಿ ವ್ಯಕ್ತಿತ್ವ. ಒಂದು ಸಾಲಿನಲ್ಲಿ. ಟಪಟಪ ಟೈಪ್ ಮಾಡಿದಳು — ಓದು, ಪ್ರವಾಸ, ಸಂಗೀತ ಕೇಳುವುದು.

“ನಾನು ಕೊನೇ ಸಲ ಪ್ರವಾಸ ಹೋಗಿದ್ದು ಹಲ್ಲಿನ ಡಾಕ್ಟರ ಹತ್ರ.”

“ಅಯ್ಯೋ, ಅದನ್ನೆಲ್ಲ ಯಾರ್ ಕೇಳ್ತಾರೆ?”

“ಯಾರೂ ಕೇಳಲ್ಲ ಅಂದ್ಮೇಲೆ ಯಾಕೆ ಬರೀಬೇಕು?”

“ಟೀಮ್ ಸ್ಪಿರಿಟ್‌ಗೆ ಒಂದು ಥ್ರೋಬಾಲ್ ಹಾಕ್ಲಾ?” ಎಂದಳು. ಸೋಫಾದಿಂದ ಅತ್ತೆ, ಟಿವಿಯಿಂದ ಕಣ್ಣು ತೆಗೆಯದೆ, “ಅವಳಿಗೇನು ಹವ್ಯಾಸ? ಮುಖ ಸಿಂಡರಿಸ್ಕೊಂಡಿರೋದು” ಎಂದರು. ನಾದಿನಿ ನಕ್ಕಳು. ಇವರೂ ನಕ್ಕರು. ನಾನು ನೋಡಿದ ಮೇಲೆ ಅದನ್ನು ಕೆಮ್ಮು ಮಾಡಿಕೊಂಡರು.

ನನಗೂ ಒಂದಿದೆ. ಇಲ್ಲಿ ಬರೆದರೆ ಯಾರು ನೋಡುತ್ತಾರೆ. ಸಿಳ್ಳೆ. ಥಿಯೇಟರಿನಲ್ಲಿ ಬೆರಳು ತುರುಕಿಕೊಂಡು ಹಾಕುವ ಸಿಳ್ಳೆ ಅಲ್ಲ. ಹಾಡು. ಪಲ್ಲವಿ, ಚರಣ, ನಡುವಿನ ಪಿಟೀಲು ಸಮೇತ. ಚಿಕ್ಕಂದಿನಲ್ಲೇ ಬಂತು. ಹೆಣ್ಣು ಹುಡುಗಿ ಸಿಳ್ಳೆ ಹಾಕುತ್ತಾಳೆಂದು ಮನೆಯವರೆಲ್ಲ ಸರದಿಯ ಮೇಲೆ ಬಾಯಿಗೆ ಹೊಡೆದರು. ಹೋಗಲಿಲ್ಲ.

ಸಂಜೆ ಒಣಗಿದ ಬಟ್ಟೆ ತರಲು ತಾರಸಿಗೆ ಹೋಗುತ್ತೇನಲ್ಲ, ಇಳಿಯುವಾಗ ಮೆಟ್ಟಿಲಲ್ಲಿ ನಿಂತು ಹಾಕುತ್ತೇನೆ. ಲಿಫ್ಟ್ ಇರುವ ಕಟ್ಟಡದಲ್ಲಿ ಮೆಟ್ಟಿಲು ಯಾರಿಗೂ ಬೇಡ. ಬರೀ ಗೋಡೆ. ದನಿ ದುಂಡಗಾಗಿ ವಾಪಸ್ ಬರುತ್ತದೆ. ಬಕೆಟ್ಟು ಕೆಳಗಿಟ್ಟು ಒಂದು ಹಾಡು, ಎರಡು ಹಾಡು. ಯಾರಿಗೂ ಗೊತ್ತಿಲ್ಲ. ಇವರಿಗೂ.

ಅದನ್ನು ರೆಸ್ಯೂಮೆಗೆ ಹಾಕಬೇಕಂತೆ. ಥೂ.

ಮಾರ್ಚ್ 14, ಗುರುವಾರ

ಪ್ಲಾಸ್ಟಿಕ್ ಕುರ್ಚಿ ಕಂಪನಿ. ಹೊರಗೆ ಬೆಂಚಿನ ಮೇಲೆ ನಮ್ಮಂಥವರ ಸಾಲು. ಪಕ್ಕದಲ್ಲಿದ್ದವನ ಕೈಯಲ್ಲಿ ಮಕ್ಕಳ ಬಣ್ಣದ ಪುಸ್ತಕ, ಹಕ್ಕಿಗಳದ್ದು. ಬಾಯಲ್ಲಿ ಮಣಮಣ ಗಟ್ಟು ಹೊಡೆಯುತ್ತಿದ್ದ.

“ಪಕ್ಷಿ ವೀಕ್ಷಣೆ ಅಂತ ಹಾಕಿದೀನಿ ಮೇಡಂ. ಕೇಳಿದ್ರೆ ಕಷ್ಟ.”

“ಎಷ್ಟು ನೋಡಿದ್ದೀರಿ?”

“ಇನ್ನೂ ಶುರು ಮಾಡಿಲ್ಲ.”

ಒಳಗೆ ನನ್ನ ಸರದಿ. ಡಿಸ್ಪ್ಯಾಚ್ ಬಗ್ಗೆ ಅರ್ಧ ಪ್ರಶ್ನೆ. ಆಮೇಲೆ — “ಓದು ಅಂತ ಬರ್ದಿದ್ದೀರಿ. ಈಗ ಏನು ಓದ್ತಿದ್ದೀರಿ?”

“ನಿಮ್ಮ ಹಿಂದೆ ಗೋಡೆ ಮೇಲಿರೋ ಬೋರ್ಡು. ‘ಸುರಕ್ಷತೆ’ ತಪ್ಪು ಬರ್ದಿದ್ದೀರಿ.”

ತಿರುಗಿ ನೋಡಿದರು. ತಪ್ಪೇ ಇತ್ತು. ಕೆಲಸ ಸಿಗುವುದಿಲ್ಲ ಎಂದು ಆಗಲೇ ಗೊತ್ತಾಯಿತು.

ಮಾರ್ಚ್ 21, ಗುರುವಾರ

ಕುರ್ಚಿಯವರ ವಿಷಾದವೂ ಬಂತು. ಇವರ ಕೆಲಸದ ಕಡೆ ಶಿಫ್ಟ್ ಕಡಿಮೆ ಮಾಡುತ್ತಾರಂತೆ. ಊಟದ ಹೊತ್ತಿಗೆ ನೆಲ ನೋಡುತ್ತಾ ಹೇಳಿದರು. ತಪ್ಪು ತಮ್ಮದೇ ಎನ್ನುವ ಹಾಗೆ. ಸಿಟ್ಟು ಬಂತು. ಇವರ ಮೇಲಲ್ಲ. ಯಾರ ಮೇಲೆ ಎಂದು ಗೊತ್ತಾಗದೆ ಪಾತ್ರೆ ತೊಳೆದೆ.

ಆಮೇಲೆ ಲ್ಯಾಪ್‌ಟಾಪ್ ತೆಗೆದೆ. ಓದು ಅಳಿಸಿದೆ. ಪ್ರವಾಸ ಅಳಿಸಿದೆ. ಹವ್ಯಾಸ: ಸಿಳ್ಳೆ. ಅಷ್ಟೇ. ನೋಡಿಕೊಳ್ಳಿ ಪೂರ್ತಿ ವ್ಯಕ್ತಿತ್ವ. ಕಣ್ಣಿಗೆ ಬಿದ್ದ ಕಂಪನಿಗಳಿಗೆಲ್ಲ ಕಳಿಸಿದೆ. ಬಹಳ ದಿನದ ಮೇಲೆ ಹೊಟ್ಟೆ ತಣ್ಣಗಾಯಿತು.

ಏಪ್ರಿಲ್ 9, ಮಂಗಳವಾರ

ಫೋನ್. ಆಸ್ಪತ್ರೆ ಮಂಚ ತಯಾರಿಸುವ ಕಂಪನಿಯಂತೆ. ಶುಕ್ರವಾರ ಬರಬೇಕಂತೆ. ಹುಡುಗಿಯ ದನಿಯಲ್ಲಿ ತಡೆದುಕೊಂಡ ನಗು. “ಮೇಡಂ, ಆ ಸಿಳ್ಳೆ… ಅದು ನಿಜಾನಾ?”

“ನಿಜ.”

“ಅಯ್ಯೋ, ಸೂಪರ್!”

ಸೂಪರಂತೆ.

ಏಪ್ರಿಲ್ 12, ಶುಕ್ರವಾರ

ಮೂವರು ಕೂತಿದ್ದರು. ಒಬ್ಬ ಎಚ್ಚಾರ್ ಮ್ಯಾನೇಜರ್, ಪೆನ್ನು ಕಟಕಟ ಒತ್ತುತ್ತಲೇ ಇದ್ದ — ಅವನ ಹೆಸರು ಪೆನ್ನು ಎಂದೇ ಇಟ್ಟೆ. ಒಬ್ಬಳು ಫೈನಾನ್ಸ್, ಮುಗುಳ್ನಗೆ ಅಂಟಿಕೊಂಡು ಹೋಗಿದೆ, ತೆಗೆಯಲು ಬರುವುದಿಲ್ಲ. ನಡುವೆ ಸಾಹೇಬರು, ಮಾಲೀಕರು. ಬಿಳಿ ಶರ್ಟು, ದೊಡ್ಡ ಹೊಟ್ಟೆ, ಮಗುವಿನ ಕಣ್ಣು.

ಹದಿನಾರು ವರ್ಷದ ಅನುಭವದ ಹಾಳೆ ತಿರುವಿ ಪಕ್ಕಕ್ಕಿಟ್ಟರು. ನೇರ ಕೊನೆಯ ಸಾಲಿಗೆ.

“ಸಿಳ್ಳೆ!” ಎಂದರು ಸಾಹೇಬರು. “ಇಷ್ಟು ವರ್ಷದಲ್ಲಿ ಇಂಥಾ ರೆಸ್ಯೂಮೆ ನೋಡಿಲ್ಲಮ್ಮ. ಎಲ್ರೂ ಓದು, ಪ್ರವಾಸ.”

ಪೆನ್ನು ಕಟಕ್ ಎಂದಿತು. “ಎಲ್ಲಿ, ಒಂದ್ ಸಲ ಹಾಕಿ ತೋರ್ಸಿ ನೋಡೋಣ.”

“ನಿಮ್ಮ ಹವ್ಯಾಸ ಏನು ಸರ್?” ಎಂದು ಕೇಳಿದೆ.

“ನಂದಾ? ಈಜು.”

“ಎಲ್ಲಿ, ಒಂದ್ ಸಲ ಈಜಿ ತೋರ್ಸಿ.”

ಮುಗುಳ್ನಗೆ ಒಂದು ಕ್ಷಣ ಬಿದ್ದು ಹೋಯಿತು. ಮುಗಿಯಿತು ಎಂದುಕೊಂಡೆ. ಬ್ಯಾಗಿಗೆ ಕೈ ಹಾಕಿದೆ. ಸಾಹೇಬರು ಮೇಜು ತಟ್ಟಿ ನಕ್ಕರು. ಕಣ್ಣೊರೆಸಿಕೊಂಡು, “ಈಜು ಆಮೇಲೆ. ನೀವು ಹಾಕಿಯಮ್ಮ, ದಯವಿಟ್ಟು” ಎಂದರು.

ಹಾಕಿದೆ. ಹೌದು, ಹಾಕಿದೆ. ನೆಲ ನೋಡುತ್ತಾ ಶಿಫ್ಟಿನ ವಿಷಯ ಹೇಳಿದ ಇವರ ಮುಖ ಕಣ್ಣ ಮುಂದೆ ಬಂತು. ಎಲ್ಲರಿಗೂ ಗೊತ್ತಿರುವ ಒಂದು ಹಳೇ ಸಿನಿಮಾ ಹಾಡು ಎತ್ತಿಕೊಂಡೆ. ಗಾಜಿನ ಗೋಡೆಯ ಕೋಣೆ, ಎ.ಸಿ., ತುಟಿ ಒಣಗಿತ್ತು. ಆದರೂ ಬಂತು. ಚೆನ್ನಾಗಿ ಬಂತು. ಚರಣದಲ್ಲಿ ಮೇಲೆ ಹೋಗುವಾಗ ನನಗೇ ಮೈ ಜುಮ್ಮೆಂದಿತು. ಮುಗಿಸಿದಾಗ ಗಾಜಿನಾಚೆ ಅರ್ಧ ಆಫೀಸು ನಿಂತಿತ್ತು. ಚಪ್ಪಾಳೆ. ಪೆನ್ನು ಮೊಬೈಲ್ ಇಳಿಸುತ್ತಿದ್ದ. ರೆಕಾರ್ಡ್ ಮಾಡಿಕೊಂಡಿದ್ದ, ಕೇಳದೆ.

ಆ ಹೊತ್ತಿಗೆ ಖುಷಿಯಾಯಿತು. ಅದು ಅಸಹ್ಯ.

ಮೇ 2, ಗುರುವಾರ

ಕೆಲಸ ಸಿಕ್ಕಿತು. ಪ್ರೊಬೇಷನ್, ಆಮೇಲೆ ಖಾಯಂ.

ಮನೆಯಲ್ಲಿ ಹೇಳಬೇಕಾಯಿತು. ಹೇಳದೆ ವಿಧಿಯಿರಲಿಲ್ಲ — ಪೆನ್ನು ವಿಡಿಯೊ ಎಲ್ಲಿಗೆ ಹಾಕಿದನೋ, ನಾದಿನಿಯ ಆಫೀಸು ಮುಟ್ಟಿದೆ. ಫೋನ್ ಮಾಡಿ ಕೂಗಿದಳು. “ಹವ್ಯಾಸದ ಕಾಲಮ್ ಹಾಕಿ ಅಂತ ನಾನೇ ಹೇಳಿದ್ದು ತಾನೆ ಅತ್ತಿಗೆ!” ಗೆದ್ದವಳು ಅವಳು.

ಇವರು ವಿಡಿಯೊ ನೋಡಿದರು. ಮತ್ತೆ ನೋಡಿದರು. “ನೀನೇನಾ ಇದು?” ಎಂದರು. ಮದುವೆಯಾಗಿ ಹದಿನೆಂಟು ವರ್ಷ.

ಅತ್ತೆ ಮುಖ ಗಂಟಿಕ್ಕಿಕೊಂಡರು. “ಅಲ್ಲೆಲ್ಲ ಯಾಕೆ ಹಾಕೋಕೆ ಹೋದೆ?”

ಬಂತಲ್ಲ. ಹೆಂಗಸರು ಸಿಳ್ಳೆ ಹಾಕಬಾರದು, ನಾಲ್ಕು ಜನ ಏನಂತಾರೆ. ಅವರ ಲೋಕ ಆ ಟಿವಿಯಷ್ಟೇ ಅಗಲ.

ಮೇ 27, ಸೋಮವಾರ

ಕೆಲಸ ಒಳ್ಳೆಯದು. ಅದನ್ನು ಹೇಳಲೇಬೇಕು. ಮಂಚಗಳು ಕಳಚಿಟ್ಟು ಹೋಗುತ್ತವೆ. ತಲೆಕಡೆಯ ಹಲಗೆ ಬೇರೆ, ಕಾಲು ಬೇರೆ, ಚಕ್ರ ಬೇರೆ. ನಾನು ಬರುವ ಮುಂಚೆ ಇಲ್ಲಿಯ ಕಾಲು ಅಲ್ಲಿಗೆ, ಅಲ್ಲಿಯ ಚಕ್ರ ಇನ್ನೆಲ್ಲಿಗೋ. ಒಂದು ಆಸ್ಪತ್ರೆಗೆ ಬರೀ ತಲೆ ಹೋಗಿತ್ತಂತೆ. ಈಗ ಸರಿಹೋಗಿದೆ. ಒಬ್ಬರೂ ಗಮನಿಸಿಲ್ಲ.

ಗಮನಿಸುವುದು ಇನ್ನೊಂದನ್ನು. ಡಾಕ್ಟರುಗಳು, ಡೀಲರುಗಳು ಬಂದರೆ ಮೇಲಿನಿಂದ ಫೋನು. “ಸಿಳ್ಳೆ ಮೇಡಂನ ಕಳ್ಸಿ.” ಲಾರಿ ಅರ್ಧ ತುಂಬಿರುತ್ತದೆ. ಕೈಗವಸು ತೆಗೆದು ಮೇಲೆ ಹೋಗುತ್ತೇನೆ. ಸಾಹೇಬರು ತಮ್ಮದೇ ಮಗು ತೋರಿಸುವ ಹಾಗೆ, “ನೋಡಿ, ಇವ್ರು ನಮ್ಮ ಡಿಸ್ಪ್ಯಾಚು” ಎನ್ನುತ್ತಾರೆ. ಹಾಕುತ್ತೇನೆ. ಒಬ್ಬ ಬಿಸ್ಕೆಟ್ ಅಗಿಯುತ್ತಾ ಕೇಳುತ್ತಾನೆ. ಇನ್ನೊಬ್ಬ, “ಒಂದು ಫಾಸ್ಟ್ ಸಾಂಗ್ ಇಲ್ವಾ?” ಎನ್ನುತ್ತಾನೆ. ಕೆಳಗೆ ಬರುವಷ್ಟರಲ್ಲಿ ಡ್ರೈವರ್ ನಿದ್ದೆ ಹೋಗಿರುತ್ತಾನೆ. ರಾತ್ರಿ ಊಟ ಬಡಿಸುತ್ತಾ ಇವರ ಮುಂದೆ ಎಲ್ಲ ಹೇಳಿಕೊಂಡೆ, ಅತ್ತೆಯ ಕಣ್ಣು ಟಿವಿ ಮೇಲೆ.

ಜೂನ್ 20, ಗುರುವಾರ

ಇವತ್ತು ಬೆಳಗ್ಗೆ ಒಂದು ಗುಂಪು, ಮಧ್ಯಾಹ್ನ ಒಂದು ಗುಂಪು. ಫೈನಾನ್ಸಿನ ಮುಗುಳ್ನಗೆಯ ಮಗಳ ಹುಟ್ಟುಹಬ್ಬಕ್ಕೆ ಫೋನಿನಲ್ಲಿ ಬೇರೆ. ಪೆನ್ನು ಹೊಸ ಐಡಿಯಾ ತಂದಿದ್ದಾನೆ — ಕಂಪನಿಗೆ ಕರೆ ಮಾಡಿದವರು ಕಾಯುವಾಗ ನನ್ನ ಸಿಳ್ಳೆ ಕೇಳಿಸಬೇಕಂತೆ. ಹೋಲ್ಡ್‌ನಲ್ಲಿಟ್ಟ ಜನ ನನ್ನನ್ನು ಶಪಿಸಲಿ ಎಂದು.

ಸಂಜೆ ತಾರಸಿಯಿಂದ ಇಳಿಯುವಾಗ ಬಕೆಟ್ ಕೆಳಗಿಟ್ಟೆ. ತುಟಿ ಮಾಡಿಕೊಂಡೆ. ಸುಮ್ಮನೆ ಗಾಳಿ ಹೋಯಿತು. ಬರುವುದಿಲ್ಲ ಎಂದಲ್ಲ. ಬೇಡವಾಯಿತು. ಆಫೀಸಿನ ವಾಸನೆ ಬಂತು ಅದರಲ್ಲಿ. ಬಕೆಟ್ ಎತ್ತಿಕೊಂಡು ಬಂದೆ.

ಜುಲೈ 6, ಶನಿವಾರ

ಮತ್ತೆ ಹಾಕಿಲ್ಲ. ಬಟ್ಟೆ ಬೇಗ ಬರುತ್ತಿದೆ ಮನೆಗೆ. ಇಷ್ಟೇ.

ಆಗಸ್ಟ್ 3, ಶನಿವಾರ

ವಾರ್ಷಿಕೋತ್ಸವ ಮುಂದಿನ ಶನಿವಾರ. ಕುಟುಂಬ ಸಮೇತ. ಆಸ್ಪತ್ರೆಯವರು, ಡೀಲರುಗಳು, ಬಾಡಿಗೆ ಹಾಲ್, ಸ್ಟೇಜು. ನನ್ನದು ಮುಖ್ಯ ಕಾರ್ಯಕ್ರಮವಂತೆ. ಫ್ಲೆಕ್ಸಿನಲ್ಲಿ ನನ್ನ ಮುಖ, ತುಟಿ ಮುಂದೆ ಚಾಚಿಕೊಂಡು. ಮೀನಿನ ಹಾಗೆ.

ಬಾಯಿ ಹುಣ್ಣು ಎನ್ನಲೆ? ಮುಂದಿನ ವಾರ ಮತ್ತೆ ಕರೆಯುತ್ತಾರೆ. ಆಗುವುದಿಲ್ಲ ಎನ್ನಲೆ? ಖಾಯಂ ಆದೇಶಕ್ಕೆ ಇನ್ನೂ ಸಹಿ ಬಿದ್ದಿಲ್ಲ.

ಒಂದು ಉಪಾಯ ಹೊಳೆದಿದೆ. ಕೆಟ್ಟದಾಗಿ ಹಾಕುವುದು. ಅಷ್ಟು ಜನರ ಮುಂದೆ, ಬೇಕೆಂದೇ, ಶ್ರುತಿ ಬಿಟ್ಟು. ಸಾಹೇಬರ ಮಾನ ಹೋಗಬೇಕು. ಸ್ಟೇಜಿಗೆ ಹತ್ತಿಸಿದ್ದೇ ತಪ್ಪಾಯಿತು ಎನ್ನಬೇಕು. ಇನ್ನು ಯಾವತ್ತೂ ಕರೆಯಬಾರದು. ನನ್ನ ಮಾನವೂ ಹೋಗುತ್ತದೆ, ಹೋಗಲಿ. ಹಾಗೆಂದು ಬರೆಯುವುದು ಸುಲಭ. ಬೇಕೆಂದು ತಪ್ಪು ಸಿಳ್ಳೆ ನನ್ನ ಜನ್ಮದಲ್ಲಿ ಹಾಕಿಲ್ಲ.

ಆಗಸ್ಟ್ 11, ಭಾನುವಾರ

ನಿನ್ನೆಯದು ಬರೆಯಲು ಇವತ್ತಿನ ತನಕ ಬೇಕಾಯಿತು.

ಹಾಲ್ ತುಂಬಿತ್ತು. ಇವರು, ಅತ್ತೆ ಮೂರನೇ ಸಾಲಿನಲ್ಲಿ. ಯಾರೂ ಕರೆಯದಿದ್ದರೂ ನಾದಿನಿ ಕೂಡ, ಮೊದಲನೇ ಸಾಲಿನಲ್ಲಿ. ಅದೇ ಹಳೇ ಹಾಡು. ಪಲ್ಲವಿ ಸರಿಯಾಗಿ ಹಾಕಿದೆ. ಎರಡನೇ ಸಾಲಿಗೆ ಕಾಲು ಸ್ವರ ಇಳಿಸಿದೆ. ಕಿವಿಗೆ ಸೂಜಿ ಚುಚ್ಚಿದ ಹಾಗಾಯಿತು. ಚರಣಕ್ಕೆ ಹೋದೆ, ತಾಳ ಬಿಟ್ಟೆ. ಮೇಲೆ ಹತ್ತಬೇಕಾದಲ್ಲಿ ಜಾರಿದೆ. ಕಣ್ಣು ಮುಚ್ಚಿಕೊಂಡಿದ್ದೆ. ಬೆವರು ಬೆನ್ನಿನಲ್ಲಿ ಇಳಿಯುತ್ತಿತ್ತು. ಇಂಥ ಹೊಲಸು ಸಿಳ್ಳೆ ಬೀದಿಯಲ್ಲಿ ಕೇಳಿದ್ದರೆ ನಾನೇ ಬೈಯುತ್ತಿದ್ದೆ.

ಮುಗಿಸಿ ಕಣ್ಣು ತೆರೆದೆ. ನಗು ಬರಬೇಕಿತ್ತು, ಪಿಸುಮಾತು ಬರಬೇಕಿತ್ತು.

ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು.

ಎಲ್ಲರೂ. ಮುಗುಳ್ನಗೆ ಕರವಸ್ತ್ರ ತೆಗೆದಿದ್ದಳು. ನಾದಿನಿ ಪಕ್ಕದವರಿಗೆ ‘ನಮ್ಮ ಅತ್ತಿಗೆ’ ಎನ್ನುತ್ತಿದ್ದದ್ದು ಸ್ಟೇಜಿಗೇ ಕಾಣುತ್ತಿತ್ತು. ಇವರು ಎರಡೂ ಕೈ ಮೇಲೆತ್ತಿ ತಟ್ಟುತ್ತಿದ್ದರು, ಪಾಪ. ಸಾಹೇಬರು ಸ್ಟೇಜಿಗೆ ಬಂದು ಶಾಲು ಹೊದಿಸಿದರು. “ಇವತ್ತಿನಷ್ಟು ಚೆನ್ನಾಗಿ ಯಾವತ್ತೂ ಹಾಕಿಲ್ಲಮ್ಮ ನೀವು.”

ಇಷ್ಟು ದಿನ ಇಂಥವರ ಕಿವಿಗೆ ನಾನು ಪ್ರಾಣ ಬಿಟ್ಟು ಹಾಕುತ್ತಿದ್ದೆನಲ್ಲ. ಕಿವಿಗಳೇ ಅಲ್ಲ ಅವು. ಕನ್ನಡಕ ಸಿಗಿಸಲು ಇಟ್ಟ ಕೊಕ್ಕೆಗಳು.

ಮನೆಗೆ ಬಂದು ಶಾಲು ಕುರ್ಚಿಗೆ ಎಸೆದೆ. ಇವರು ಬಟ್ಟೆ ಬದಲಿಸಲು ಒಳಗೆ ಹೋದರು. ಅತ್ತೆ ಚಪ್ಪಲಿ ಬಿಡುತ್ತಾ, ಗೋಡೆ ಹಿಡಿದುಕೊಂಡು, ಮೆಲ್ಲಗೆ ಹೇಳಿದರು.

“ಬೇಕಂತಾನೇ ಕೆಡಿಸ್ದೆ ಅಲ್ವಾ?”

ಎಸೆದ ಶಾಲನ್ನು ಎತ್ತಿಕೊಂಡು ಮಡಿಸತೊಡಗಿದೆ.

“ಎರಡನೇ ಸಾಲು ಇಳಿದಾಗ ಹುಷಾರಿಲ್ವೇನೋ ಅಂದ್ಕೊಂಡೆ. ಚರಣದಲ್ಲಿ ಗೊತ್ತಾಯ್ತು.”

“ನಿಮಗೆ ಹೇಗೆ…”

“ಎಷ್ಟು ವರ್ಷದಿಂದ ಕೇಳ್ತಿದೀನಿ. ಬಚ್ಚಲ ಕಿಟಕಿ ಇರೋದು ಮೆಟ್ಟಿಲ ಕಡೆಗೇ ತಾನೆ?”

ದಿನಾ ಸಂಜೆ ಟಿವಿ ಬಿಟ್ಟು ಬಚ್ಚಲಿಗೆ ಹೋಗಿ ಕೂರುತ್ತಿದ್ದರು. ಹೊಟ್ಟೆ ಸರಿಯಿಲ್ಲ ಎಂದುಕೊಂಡಿದ್ದೆ. ಅದಕ್ಕೆಂದು ಬಾಳೆಹಣ್ಣು ತಂದಿಡುತ್ತಿದ್ದೆ.

“ಒಂದ್ ದಿನಾನೂ ಹೇಳ್ಲಿಲ್ವಲ್ಲ ಅತ್ತೆ.”

“ಹೇಳಿದ್ರೆ ನಿಲ್ಲಿಸ್ಬಿಡ್ತಿದ್ದೆ. ನಿನ್ನ ಕೊಬ್ಬು ನನಗೆ ಗೊತ್ತಿಲ್ವಾ?” ಚಪ್ಪಲಿ ಗೋಡೆಗೆ ಒತ್ತಿಟ್ಟರು. “ಈಗ ಹೇಗೂ ನಿಲ್ಲಿಸಿದೀಯ. ಆ ಬಿಸ್ಕೆಟ್ ತಿನ್ನೋರಿಗೆಲ್ಲ ಹಾಕ್ಬೇಡ ಅಂತ ವಿಡಿಯೊ ನೋಡಿದ ದಿನಾನೇ ಅಂದೆ. ಕೇಳಿದ್ಯಾ?”

ಅಡುಗೆಮನೆಗೆ ಬಂದು ನಲ್ಲಿ ಬಿಟ್ಟು ನಿಂತೆ. ತೊಳೆಯಲು ಏನೂ ಇರಲಿಲ್ಲ.

ಆಗಸ್ಟ್ 13, ಮಂಗಳವಾರ

ಸಾಹೇಬರ ಕೋಣೆಗೆ ಹೋದೆ. ಪೆನ್ನೂ ಇದ್ದ.

“ಸರ್, ಇನ್ಮೇಲೆ ನಾನು ಸಿಳ್ಳೆ ಹಾಕಲ್ಲ.”

“ಯಾಕಮ್ಮ? ಮೊನ್ನೆ ಅದ್ಭುತವಾಗಿತ್ತು!”

“ಮೊನ್ನೆ ಪೂರ್ತಿ ಅಪಶ್ರುತಿ ಇತ್ತು ಸರ್.”

“ಎಲ್ಲಿ? ನನಗೆ ಕಣ್ಣಲ್ಲಿ ನೀರು ಬಂತು.”

“ಅದಕ್ಕೇ ಸರ್.”

ಅವರಿಗೆ ಅರ್ಥವಾಗಲಿಲ್ಲ. ಪೆನ್ನು ಕಟಕ್ ಎಂದಿತು. “ರೆಸ್ಯೂಮೆಯಲ್ಲಿ ನೀವೇ ತಾನೆ ಬರ್ದಿದ್ದು ಮೇಡಂ?”

“ಹದಿನಾರು ವರ್ಷ ಡಿಸ್ಪ್ಯಾಚ್ ಅಂತಾನೂ ಬರ್ದಿದ್ದೆ. ಅದನ್ನ ಒಂದ್ ಸಲ ಮಾಡಿ ತೋರ್ಸಿ ಅಂತ ಯಾರೂ ಅನ್ಲಿಲ್ಲ.”

ಸಾಹೇಬರ ಮುಖ ಆಟಿಕೆ ಕಸಿದುಕೊಂಡ ಮಗುವಿನಂತಾಯಿತು. “ಸರಿ, ನೋಡೋಣ” ಎಂದರು. ಪೆನ್ನು ಬಾಗಿಲ ತನಕ ಬಂದು, ತುಂಬಾ ಮೃದುವಾಗಿ, “ಖಾಯಂ ವಿಷಯ ಇನ್ನೂ ಸಾಹೇಬ್ರ ಟೇಬಲ್ ಮೇಲೇ ಇದೆ, ಗೊತ್ತಲ್ಲ?” ಎಂದ.

“ಗೊತ್ತು” ಎಂದೆ. ಕೆಳಗೆ ಬಂದು ಎರಡು ಲಾರಿ ತುಂಬಿಸಿದೆ.

ಇವರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. “ಇರ್ಲಿ. ನನ್ನದು ಹೇಗೋ ಒಂದು ಶಿಫ್ಟ್ ಇದೆಯಲ್ಲ” ಎಂದರು. ನೆಲ ನೋಡಲಿಲ್ಲ.

ಸೆಪ್ಟೆಂಬರ್ 9, ಸೋಮವಾರ

ಮೇಲಿನಿಂದ ಕರೆ ನಿಂತಿದೆ. ಕಾರಣ ಇವತ್ತು ತಿಳಿಯಿತು. ಪರ್ಚೇಸ್‌ಗೆ ಹೊಸಬನೊಬ್ಬ ಸೇರಿದ್ದಾನೆ. ಹವ್ಯಾಸ: ಮಿಮಿಕ್ರಿ. ಡೀಲರುಗಳ ಮುಂದೆ ಕತ್ತೆ, ರೈಲು, ಹಾಳಾದ ಮಿಕ್ಸಿ ಎಲ್ಲ ಮಾಡುತ್ತಾನಂತೆ. ಸಾಹೇಬರು ನಕ್ಕು ನಕ್ಕು ಕುರ್ಚಿಯಿಂದ ಜಾರಿದರಂತೆ. ಮಧ್ಯಾಹ್ನ ಆಫೀಸಿನ ಮೆಟ್ಟಿಲಲ್ಲಿ ಸಿಕ್ಕ. ಬೆವರೊರೆಸಿಕೊಳ್ಳುತ್ತಿದ್ದ. “ಮೇಡಂ, ದಿನಾ ಮಾಡ್ಬೇಕಾಗುತ್ತಾ?” ಎಂದ. ಮೊದಲ ಸಲ ಆ ಕಟ್ಟಡದಲ್ಲಿ ಒಬ್ಬರ ಮೇಲೆ ಕನಿಕರ ಬಂತು.

ನನ್ನ ಖಾಯಂ ಆದೇಶ ಸಂಜೆ ಟಪಾಲಿನ ಜೊತೆ ಮೇಜಿನ ಮೇಲೆ ಬಿದ್ದಿತ್ತು. ಯಾರೂ ಏನೂ ಹೇಳಲಿಲ್ಲ. ಮರೆತೇ ಬಿಟ್ಟಿದ್ದಾರೆ. ಕತ್ತೆಯ ಕೂಗಿಗೆ ನನ್ನನ್ನು ಬಿಟ್ಟರು ಎಂದು ಒಂದು ಚೂರು ಉರಿಯಿತು. ಸುಳ್ಳು ಯಾಕೆ ಬರೆಯಲಿ.

ಸೆಪ್ಟೆಂಬರ್ 14, ಶನಿವಾರ, ಸಂಜೆ

ಹಾಕಿದೆ ಇವತ್ತು. ಪೂರ್ತಿ ಹಾಡು. ಮೊದಲು ತುಟಿ ಮುಷ್ಕರ ಹೂಡಿತು, ಆಮೇಲೆ ಸಡಿಲವಾಯಿತು. ಗೋಡೆ ಎತ್ತಿ ಕೊಟ್ಟಿತು. ಮನೆಯೊಳಗೆ ಕಾಲಿಟ್ಟರೆ ಅತ್ತೆ ಬಚ್ಚಲಿನಿಂದ ಹೊರಗೆ ಬರುತ್ತಿದ್ದರು. ಈಗ ನಾಚಿಕೆಯೂ ಇಲ್ಲ ಅವರಿಗೆ.

“ಎಲ್ಲಾ ಸರಿ” ಎಂದರು. “ಕೊನೇ ಸಾಲು ಮಾತ್ರ ಓಡಿಸ್ತೀಯ. ಯಾವಾಗ್ಲೂ ಅಷ್ಟೇ. ಯಾರೋ ಅಟ್ಟಿಸ್ಕೊಂಡು ಬಂದ ಹಾಗೆ.”

ಓಡಿಸುತ್ತೇನಂತೆ! ಇಷ್ಟು ವರ್ಷ ಹಾಕಿದವಳು ನಾನು. ಅತ್ತೆಗೆ ರಾಗ ಗೊತ್ತೆ, ತಾಳ ಗೊತ್ತೆ? ಬಚ್ಚಲಿನಲ್ಲಿ ಕೂತು ಕೇಳಿದವರೆಲ್ಲ ಮೇಷ್ಟ್ರಾದರೆ ಆಯಿತು. ನಾಳೆ ಮುಖಕ್ಕೆ ಹೊಡೆದ ಹಾಗೆ ಹೇಳುತ್ತೇನೆ. ಆ ಸಾಲು ಇರುವುದೇ ಹಾಗೆ, ಅದನ್ನು ಎಳೆದರೆ ಹಾಡು ಸತ್ತು ಹೋಗುತ್ತದೆ ಎಂದು. ಎಳೆಯಲು ಉಸಿರಾದರೂ ಎಲ್ಲಿ ಸಾಕಾಗುತ್ತದೆ… ಹಿಂದಿನ ಸಾಲಿನ ಕೊನೆಗೆ ಒಂದು ಗುಟುಕು ಎಳೆದುಕೊಂಡರೆ ಬೇರೆ ಮಾತು. ಆಮೇಲೆ ನಿಧಾನಕ್ಕೆ, ಅವಸರವಿಲ್ಲದೆ ಬಿಟ್ಟರೆ… ತಡಿ, ಒಂದು ಸಲ ಸುಮ್ಮನೆ—